ಗ್ಯಾಸ್ ಮೀಟರ್ ಹೊರಗೆ ಅಂದರೆ ಎಲ್ಲಿಗೆ?

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

ಪೈಪ್ ಗ್ಯಾಸ್ ಇದ್ದು ಮಾಡ್ಯುಲರ್ ಕಿಚನ್ ಮಾಡಿಸುವ ಮನೆಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಈ ಗ್ಯಾಸ್ ಮೀಟರ್ ಅಡ್ಡ ಬರ್ತಿದೆ, ಹೊರಗೆ ಹಾಕಿಸೋಣ." ಕಾರ್ಪೆಂಟರ್ ಹತ್ತಿರ ಇನ್ನೂ ಸುಲಭದ ಉಪಾಯ ಇರುತ್ತದೆ. ಮುಂದೆ ಒಂದು ಬಾಗಿಲು ಕೊಟ್ಟು ಮುಚ್ಚಿಬಿಡೋಣ, ಕಾಣೋದೇ ಇಲ್ಲ ಅನ್ನುತ್ತಾನೆ. ಅದಕ್ಕೆ ಮಾತ್ರ ಹೂಂ ಅನ್ನಬೇಡಿ.

ಪೈಪಿನಲ್ಲಿ ಬರುವ ಗ್ಯಾಸ್ ಬಹುಪಾಲು ಮೀಥೇನ್. ಸಿಲಿಂಡರಿನ ಗ್ಯಾಸ್ ಸೋರಿದರೆ ನೆಲ ಹಿಡಿಯುತ್ತದೆ. ಪೈಪಿನ ಗ್ಯಾಸ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಕಿಟಕಿಯ ಮೇಲ್ಭಾಗ ತೆರೆದಿದ್ದರೆ ಹೊರಟುಹೋಗುತ್ತದೆ. ಮುಚ್ಚಿದ ಕಪಾಟಾದರೆ ಅಲ್ಲೇ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 5 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಪಾಟಿನ ಒಳಗಿರುವುದಕ್ಕಿಂತ ಮೀಟರ್ ಹೊರಗಿರುವುದೇ ವಾಸಿ.

ಆದರೆ ಹೊರಗೆ ಅಂದರೆ ಎಲ್ಲಿ? ಬಂಗಲೆಯವರಿಗೆ ಚಿಂತೆಯಿಲ್ಲ, ಅಂಗಳದ ಕಡೆಯ ಗೋಡೆ ಇದೆ. ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಹೊರಗೋಡೆ ಅಂದರೆ ಕೆಳಗಿನಿಂದ ಮಹಡಿಗಳಿಗೆ ಗ್ಯಾಸ್ ತರುವ ರೈಸರ್ ಪೈಪ್ ಹತ್ತಿ ಬರುವ ಡಕ್ಟು. ಅಲ್ಲಿ ಮೀಟರ್ ನೇತುಹಾಕಿದರೆ ರೀಡಿಂಗ್ ನೋಡಲು ಯಾರು ಇಳಿಯುತ್ತಾರೆ? ವಾಸನೆ ಬಂತು, ವಾಲ್ವ್ ಮುಚ್ಚಬೇಕು, ಕೈಯೇ ತಲುಪಲ್ಲ ಅಂದರೆ ಅಂಥ ಜಾಗ ಯಾಕೆ?

ನನ್ನನ್ನು ಕೇಳಿದರೆ ಡ್ರೈ ಬಾಲ್ಕನಿ, ಅಂದರೆ ಅಡುಗೆಮನೆಗೆ ಅಂಟಿದ ಸಣ್ಣ ಬಾಲ್ಕನಿ, ಒಳ್ಳೆಯದು. ವಾಷಿಂಗ್ ಮೆಷಿನ್ನಿನ ಸ್ವಿಚ್ಚು, ಏಸಿಯ ಔಟ್‌ಡೋರ್ ಯೂನಿಟ್ಟು ದೂರ ಇರಲಿ. ಅಂದಹಾಗೆ, ನಮ್ಮಲ್ಲಿ ಅನೇಕರು ಬಾಲ್ಕನಿಗೆ ಸ್ಲೈಡಿಂಗ್ ಗಾಜು ಹಾಕಿ ಕೋಣೆ ಮಾಡಿಕೊಂಡಿರುತ್ತಾರೆ. ಗಾಜು ಎಳೆದ ಮೇಲೆ ಅದು ಹೊರಗೆ ಅಲ್ಲ, ಅಲ್ವಾ?

ಇನ್ನು ನಮ್ಮ ಮಳೆ, ಸಮುದ್ರದ ಉಪ್ಪುಗಾಳಿ. ಹಳದಿ ಬಣ್ಣದ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ನೋಡಲು ಗಟ್ಟಿ. ಆದರೆ ಕ್ಲ್ಯಾಂಪಿನ ಹಿಂದೆ, ಗೋಡೆಗೆ ತಾಗಿದ ಕಡೆ ನೀರು ನಿಂತು ತುಕ್ಕು ಶುರುವಾಗುತ್ತದೆ. ಪೈಪಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ ಬಿಡಿಸಿ. ಚಂದ ಕಾಣಲಿ ಅಂತ ಗೋಡೆಯೊಳಗೆ ಹೂತು ಟೈಲ್ಸ್ ಹಾಕಿಸಬೇಡಿ. ಹೂತ ಪೈಪು ಸೋರಿದರೆ ಹುಡುಕುವುದು ಹೇಗೆ?

ಮೀಟರ್ ದೂರ ಹೋದಷ್ಟೂ ಪೈಪ್ ಉದ್ದವಾಗುತ್ತದೆ. ಮನೆಯೊಳಗಿನ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್ ಅಷ್ಟೇ. ಒಂದು ಗೇಣು ಎತ್ತರದ ನೀರಿನ ಒತ್ತಡ ಅನ್ನಿ. ತೆಳ್ಳನೆಯ ಪೈಪನ್ನು ಎಲ್ಬೋ (ತಿರುವಿನ ಜಾಯಿಂಟು) ಮೇಲೆ ಎಲ್ಬೋ ಹಾಕಿ ಸುತ್ತಿಸಿದರೆ ಒಲೆಗೆ ಬರುವಷ್ಟರಲ್ಲಿ ಅದೂ ಸೊರಗುತ್ತದೆ. ಒಂದು ಬರ್ನರ್ ಸರಿಯಾಗಿ ಉರಿಯುತ್ತದೆ, ಮೂರೂ ಹಚ್ಚಿದರೆ ಉರಿ ಕುಗ್ಗುತ್ತದೆ. ಹಾಗಾಗಿ ಒಲೆಯ ಜಾಗ ಮೊದಲು ಗೊತ್ತು ಮಾಡಿ, ಆಮೇಲೆ ಮೀಟರಿನ ಜಾಗ.

ಕೆಲಸಕ್ಕೆ ಪರಿಚಯದ ಪ್ಲಂಬರನ್ನು ಕರೆಯುವ ಹಾಗಿಲ್ಲ. ಮೀಟರ್ ಗ್ಯಾಸ್ ಕಂಪನಿಯದು, ನಮ್ಮದಲ್ಲ. ಮುಂಬಯಿಯಲ್ಲಾದರೆ ಮಹಾನಗರ್ ಗ್ಯಾಸಿಗೆ ಅರ್ಜಿ ಕೊಡಬೇಕು. ಅವರ ಜನ ಬಂದು ನೋಡಿ ಖರ್ಚು ಹೇಳುತ್ತಾರೆ. ಕಟ್ಟಡದ ಹೊರಗೋಡೆಗೆ ಕೈ ಹಚ್ಚುವುದಿದ್ದರೆ ಸೊಸೈಟಿಯ ಸೆಕ್ರೆಟರಿಯಿಂದ ಮೊದಲೇ ಒಪ್ಪಿಗೆಯ ಚೀಟಿ ತನ್ನಿ, ಇಲ್ಲದಿದ್ದರೆ ಆಮೇಲೆ ಸುಮ್ನೆ ತಕರಾರು.

ಜೋಡಿಸಿದ ಮೇಲೆ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚುತ್ತಾರೆ. ಪಕ್ಕದಲ್ಲೇ ನಿಂತು ನೋಡಿ. ನೊರೆ ಸುಮ್ಮನೆ ಇಳಿದರೆ ಸರಿ, ಸಣ್ಣ ಗುಳ್ಳೆ ಉಬ್ಬುತ್ತಾ ಹೋದರೆ ಸೋರುತ್ತಿದೆ. ಅವರು ಹೋದ ಮೇಲೆ ನೀವೂ ಒಂದು ಪರೀಕ್ಷೆ ಮಾಡಬಹುದು. ಒಲೆಯ ನಾಬ್‌ಗಳನ್ನೆಲ್ಲ ಮುಚ್ಚಿ, ಮೀಟರಿನ ಕೆಂಪು ಅಂಕಿ ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ನೋಡಿ. ಕೊನೆಯ ಅಂಕಿ ಸ್ವಲ್ಪ ಸರಿದಿದ್ದರೂ ವಾಲ್ವ್ ಮುಚ್ಚಿ ಕಂಪನಿಗೆ ಫೋನ್ ಮಾಡಿ. ಬಿಲ್ಲಿಗೆ ಲೆಕ್ಕ ಬರುವುದು ಕಪ್ಪು ಅಂಕಿ. ಮೀಟರ್ ಬಿಚ್ಚುವ ಮೊದಲು ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ಬಿಲ್ ಬಂದಾಗ ತಾಳೆ ನೋಡಲು ಬೇಕಾಗುತ್ತದೆ. ನಮಸ್ಕಾರ.