ಹನೋಯ್ ಬೀದಿಯಲ್ಲಿ ನಾಟಿ ಕೋಳಿ ಫೋ

ಫೋ ಅಂದರೆ ಬಿಸಿ ಸಾರಿನಲ್ಲಿ ಅಕ್ಕಿ ನೂಡಲ್ಸ್, ಮೇಲೆ ಮಾಂಸ. ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಒಳ್ಳೆಯ ಫೋ ತಿನ್ನಬೇಕಾದರೆ ನಿದ್ದೆ ಸ್ವಲ್ಪ ಬಿಡಬೇಕು. ಮಧ್ಯಾಹ್ನ, ರಾತ್ರಿ ಸಿಗಲ್ಲ ಅಂತಲ್ಲ, ಸಿಗುತ್ತೆ. ಆದರೆ ಇಲ್ಲಿನವರಿಗೆ ಇದು ಮುಖ್ಯವಾಗಿ ಬೆಳಗಿನ ತಿಂಡಿ. ಬೀದಿ ಬದಿಯ ಎಷ್ಟೋ ಅಂಗಡಿಗಳಲ್ಲಿ ಹಂಡೆ ಖಾಲಿಯಾದರೆ ಅವತ್ತಿನ ವ್ಯಾಪಾರ ಮುಗಿಯಿತು.

ಈಗ ಬೆಳಿಗ್ಗೆ ಆರೂವರೆ. ಹೋವಾನ್ ಕಿಯೆಂ ಕೆರೆಯ ಉತ್ತರಕ್ಕಿರುವ ಹಳೆ ಪೇಟೆ ಇದು. ಇಲ್ಲಿ ಬೀದಿಗಳಿಗೆ ಸರಕಿನ ಹೆಸರು: ಒಂದು ಬೆಳ್ಳಿ ಬೀದಿ, ಒಂದು ಹತ್ತಿ ಬೀದಿ, ಒಂದು ಸಕ್ಕರೆ ಬೀದಿ. ಫುಟ್‌ಪಾತ್ ನೋಡಿ, ನಡೆಯೋಕೆ ಅಂತ ಜಾಗವೇ ಇಲ್ಲ. ಅರ್ಧ ಸ್ಕೂಟರ್‌ಗಳು, ಇನ್ನರ್ಧ ಪ್ಲಾಸ್ಟಿಕ್ ಸ್ಟೂಲ್‌ಗಳು. ಸ್ಟೂಲ್ ಎಷ್ಟು ಕುಳ್ಳಗಿದೆ ಅಂದ್ರೆ ಕೂತರೆ ಮೊಣಕಾಲು ಎದೆಗೆ ಬರುತ್ತೆ. ಮಂಡಿ ನೋವಿದ್ದವರು ಗೋಡೆ ಪಕ್ಕದ ಜಾಗ ಹಿಡಿಯಿರಿ, ಏಳುವಾಗ ಕೈಗೆ ಆಸರೆ ಸಿಗುತ್ತೆ.

ಫೋ ಅಂತ ಹುಡುಕಿದರೆ ಮೊದಲು ಕಾಣುವುದೆಲ್ಲ ದನದ ಮಾಂಸದ್ದು, ಫೋ ಬೋ. ನಾನು ಅದನ್ನು ತಿನ್ನಲ್ಲ. ನೋಡ್ತಿರುವ ನಿಮ್ಮಲ್ಲೂ ತುಂಬಾ ಜನ ತಿನ್ನಲ್ಲ ಅಂತ ಗೊತ್ತು. ಅದಕ್ಕೇ ಗಾಜಿನ ಪೆಟ್ಟಿಗೆಯೊಳಗೆ ಬೇಯಿಸಿದ ಇಡೀ ಕೋಳಿ ನೇತು ಹಾಕಿರುವ ಈ ಅಂಗಡಿಗೆ ಬಂದೆ. ಇಲ್ಲಿ ಸಿಗುವುದು ಫೋ ಗಾ ಮಾತ್ರ, ಅಂದರೆ ಕೋಳಿ ಫೋ. ಬೀಫ್ ಬೇಡ ಅನ್ನುವವರಿಗೆ ಕೊಟ್ಟು ಸಮಾಧಾನ ಮಾಡುವ ಐಟಂ ಇದು ಅಂದುಕೊಳ್ಳಬೇಡಿ. ಇದರ ಸಾರು ಬೇರೆ, ಹದ ಬೇರೆ, ಇದನ್ನೇ ಹುಡುಕಿಕೊಂಡು ಬರುವ ಗಿರಾಕಿಗಳೂ ಬೇರೆ.

ಫೋ ತುಂಬಾ ಪುರಾತನ ಅಡುಗೆಯೇನಲ್ಲ. 20ನೇ ಶತಮಾನದ ಆರಂಭದಲ್ಲಿ, ಫ್ರೆಂಚರ ಆಳ್ವಿಕೆ ಇದ್ದಾಗ, ಹನೋಯ್ ಮತ್ತು ಪಕ್ಕದ ನಾಮ್ ದಿನ್ ಕಡೆ ಬೆಳೆದು ಬಂದದ್ದು. ಆಗ ಅಂಗಡಿ ಎಲ್ಲಿತ್ತು? ಹೆಗಲ ಮೇಲೆ ಕಾವಡಿ. ಒಂದು ಕಡೆ ಇದ್ದಿಲ ಒಲೆ ಸಮೇತ ಸಾರಿನ ಪಾತ್ರೆ, ಇನ್ನೊಂದು ಕಡೆ ಬಟ್ಟಲು, ನೂಡಲ್ಸ್. ಬೀದಿ ಬೀದಿ ಕೂಗಿ ಮಾರುತ್ತಿದ್ದರು. ಕೋಳಿ ಬಂದದ್ದು ಆಮೇಲೆ. 1939ರಲ್ಲಿ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಶುಕ್ರವಾರ, ದನದ ಮಾಂಸ ಮಾರುತ್ತಿರಲಿಲ್ಲವಂತೆ. ವ್ಯಾಪಾರ ನಿಲ್ಲಿಸೋಕಾಗುತ್ತಾ? ಕೋಳಿ ಹಾಕಿದರು. ರುಚಿ ಕೆಟ್ಟಿತು ಅಂತ ಗೊಣಗಿದವರೂ ಇದ್ದರಂತೆ. ಈಗ ಈ ಸಾಲು ನೋಡಿ.

ಕ್ಯಾಮೆರಾ ಸ್ವಲ್ಪ ಹಂಡೆ ಹತ್ತಿರ ಹಿಡಿಯುತ್ತೇನೆ. ಈ ಸಾರು ಕುದಿಯುತ್ತಿಲ್ಲ, ಸಣ್ಣಗೆ ಮಿಸುಕಾಡುತ್ತಿದೆ ಅಷ್ಟೇ. ಜೋರಾಗಿ ಕುದಿಸಿದರೆ ಕಲಕಿದ ಹಾಗೆ ಬೆಳ್ಳಗಾಗುತ್ತೆ. ಹನೋಯ್ ಜನಕ್ಕೆ ತಿಳಿಯಾದ ಸಾರೇ ಬೇಕು. ಕೋಳಿಯನ್ನು ಇಡಿಯಾಗಿ ಇದರಲ್ಲೇ ನಿಧಾನವಾಗಿ ಬೇಯಿಸಿ, ತೆಗೆದ ಕೂಡಲೇ ತಣ್ಣೀರಿಗೆ ಹಾಕುತ್ತಾರೆ. ಚರ್ಮ ಬಿಗಿಯಾಗಿ ಹಳದಿ ಬಣ್ಣದಲ್ಲಿ ಹೊಳೆಯುತ್ತಿದೆಯಲ್ಲ, ಅದು ಇದರಿಂದಲೇ. ಮಾಂಸ ಬಿಡಿಸಿದ ಮೇಲೆ ಮೂಳೆ ಮತ್ತೆ ಹಂಡೆಗೆ. ಜೊತೆಗೆ ಬೆಂಕಿಯಲ್ಲಿ ಕಪ್ಪಾಗುವಂತೆ ಸುಟ್ಟ ಶುಂಠಿ, ಸುಟ್ಟ ಈರುಳ್ಳಿ, ಹುರಿದ ಕೊತ್ತಂಬರಿ ಬೀಜ. ಬೀಫ್ ಫೋನಲ್ಲಿ ಚಕ್ರಮೊಗ್ಗು, ಚಕ್ಕೆ ಘಮ ಮುಂದೆ ಬರುತ್ತೆ. ಕೋಳಿಗೆ ಅಷ್ಟೊಂದು ಮಸಾಲೆ ಸುರಿಯಲ್ಲ, ಕೋಳಿಯ ರುಚಿಯೇ ಮುಚ್ಚಿಹೋಗುತ್ತೆ ಅಂತ. ಕೋಳಿಯೂ ಫಾರಂ ಕೋಳಿ ಅಲ್ಲ, ಗಾ ತಾ, ಅಂದರೆ ನಾಟಿ ಕೋಳಿ. ಅಗಿಯೋಕೆ ಸ್ವಲ್ಪ ಕೆಲಸ ಕೊಡುತ್ತೆ. ನನಗಂತೂ ಅದೇ ಇಷ್ಟ.

ಅಂಗಡಿಯ ಅಕ್ಕನ ಕೈ ಚುರುಕು ನೋಡಿ. ನೂಡಲ್ಸ್ ಅಕ್ಕಿಯದ್ದು. ಅಕ್ಕಿ ಹಿಟ್ಟನ್ನು ನೀರು ದೋಸೆ ಥರ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಆ ಹಾಳೆಯನ್ನು ಉದ್ದಕ್ಕೆ ಕತ್ತರಿಸಿದ್ದು. ಒಣಗಿಸಿದ್ದಲ್ಲ, ಹಸಿಯದ್ದು. ಒಂದು ಹಿಡಿ ಬುಟ್ಟಿಗೆ ಹಾಕಿ ಬಿಸಿನೀರಲ್ಲಿ ಅದ್ದಿ, ಎರಡು ಸಲ ಕುಕ್ಕಿ ನೀರು ಜಾಡಿಸಿದರು. ಬಟ್ಟಲಿಗೆ ಬಿತ್ತು. ಮೇಲೆ ಕೋಳಿ, ಚರ್ಮದ ಸಮೇತ. ತೊಡೆ ಬೇಕಾ, ಎದೆ ಬೇಕಾ ಅಂತ ಬೆರಳು ತೋರಿಸಿ ಕೇಳುತ್ತಾರೆ, ತೊಡೆ ಅನ್ನಿ. ಆಮೇಲೆ ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ನಿಂಬೆ ಗಿಡದ ಎಲೆ. ಕೊನೆಗೆ ಎರಡು ಸೌಟು ಸಾರು. ಬಿಸಿ ಸಾರು ಬಿದ್ದ ತಕ್ಷಣ ಆ ಎಲೆಯ ವಾಸನೆ ಎದ್ದು ಮೂಗಿಗೆ ಬರುತ್ತೆ. ಇದನ್ನು ವಿಡಿಯೋದಲ್ಲಿ ತೋರಿಸೋಕೆ ಆಗಲ್ಲ, ಏನು ಮಾಡೋದು!

ಈಗ ಒಂದು ಮಾತು. ಮೇಜಿನ ಮೇಲೆ ಹಸಿಮೆಣಸು, ಮೆಣಸಿನ ಸಾಸ್, ಹುಳಿ ಹಿಂಡೋಕೆ ಪುಟ್ಟ ಹಣ್ಣು, ಎಲ್ಲ ಇದೆ. ನಮ್ಮ ಕೈ ಮೊದಲು ಅಲ್ಲಿಗೇ ಹೋಗುತ್ತೆ ಅಲ್ವಾ? ಸ್ವಲ್ಪ ತಡೆಯಿರಿ. ಮೊದಲು ಬರೀ ಸಾರು ಕುಡಿಯಿರಿ. ಖಾರ ಇಲ್ಲ, ಹುಳಿ ಇಲ್ಲ, ಮೊದಲ ಚಮಚಕ್ಕೆ ಸಪ್ಪೆ ಅನ್ನಿಸಬಹುದು. ಎರಡನೆಯದಕ್ಕೆ ಸುಟ್ಟ ಶುಂಠಿ ಗಂಟಲಿಗೆ ಸಿಗುತ್ತೆ. ಆಮೇಲೆ ಮೀನಿನ ಸಾಸಿನ ಉಪ್ಪು, ಕೋಳಿ ಕೊಬ್ಬಿನ ಸಣ್ಣ ಸಿಹಿ. ನಾಲ್ಕೈದು ಚಮಚ ಆದಮೇಲೆ ಹುಳಿ ಹಿಂಡಿ, ಎರಡು ಚೂರು ಮೆಣಸು ಹಾಕಿ. ಆಗ ಅದೇ ಬಟ್ಟಲಲ್ಲಿ ಇನ್ನೊಂದು ತಿಂಡಿ ತಿಂದ ಹಾಗಾಗುತ್ತೆ.

ದಕ್ಷಿಣದ ಸೈಗಾನ್ ಕಡೆ ಹೋದರೆ ಪಕ್ಕದಲ್ಲೇ ಒಂದು ತಟ್ಟೆ ಸೊಪ್ಪು, ಮೊಳಕೆ ಕಾಳು, ಸಿಹಿ ಸಾಸ್ ಇಡುತ್ತಾರೆ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಹೋದರು. ಫೋ ಅಲ್ಲಿ ಮನೆಮಾತಾದದ್ದು ಆಗಲೇ. ದಕ್ಷಿಣದವರು ತಮಗೆ ಬೇಕಾದ ಹಾಗೆ ಸೊಪ್ಪು, ಸಿಹಿ ಸೇರಿಸಿಕೊಂಡರು. ಅದೂ ಚೆನ್ನಾಗೇ ಇರುತ್ತೆ, ಜಗಳ ಇಲ್ಲ. ನನ್ನ ಓಟು ಮಾತ್ರ ಹನೋಯ್‌ಗೆ.

ಜೊತೆಗೆ ಕ್ವೈ ತಗೊಳ್ಳಿ, ಎಣ್ಣೆಯಲ್ಲಿ ಕರಿದ ಮೈದಾ ಕಡ್ಡಿ. ಸಾರಿಗೆ ಅದ್ದಿ, ಪೂರ್ತಿ ಮೆತ್ತಗಾಗುವ ಮುಂಚೆ ಬಾಯಿಗೆ. ಕುಡಿಯೋಕೆ ಚಾ ದಾ, ಐಸ್ ಹಾಕಿದ ತೆಳು ಹಸಿರು ಟೀ. ಸಕ್ಕರೆ ಇರಲ್ಲ. ಬಟ್ಟಲಿಗೆ 50,000 ಡಾಂಗ್ ಕೊಟ್ಟೆ, ನಮ್ಮ ಲೆಕ್ಕದಲ್ಲಿ 170 ರೂಪಾಯಿ ಹತ್ತಿರ. ನೋಟಿನ ಸೊನ್ನೆ ನೋಡಿ ಗಾಬರಿಯಾಗಬೇಡಿ. 5,00,000 ನೋಟು ಕೊಟ್ಟು ಚಿಲ್ಲರೆ ಕೇಳಬೇಡಿ, ಬೆಳಗಿನ ಬೋಣಿ ಹೊತ್ತಲ್ಲಿ ಪಾಪ, ಅವರಿಗೂ ಕಷ್ಟ.

ಇನ್ನು ಸಸ್ಯಾಹಾರಿಗಳು. ಇಂಥ ಅಂಗಡಿಯಲ್ಲಿ "ಕೋಳಿ ಬೇಡ, ನೂಡಲ್ಸ್ ಮಾತ್ರ ಕೊಡಿ" ಅಂದರೆ ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ಸಾರು ಇದೇ ಹಂಡೆಯದ್ದು. ನೀವು ಹುಡುಕಬೇಕಾದದ್ದು ಫೋ ಚಾಯ್, ಅಂದರೆ ಸಸ್ಯಾಹಾರಿ ಫೋ. ಅಣಬೆ, ಮೂಲಂಗಿ, ಕ್ಯಾರೆಟ್ ಬೇಯಿಸಿದ ಸಾರು, ಮೇಲೆ ಕರಿದ ತೋಫು. ಇಲ್ಲಿನ ಚಾಂದ್ರಮಾನ ಪಂಚಾಂಗದ ಒಂದನೇ ದಿನ ಮತ್ತು ಹದಿನೈದನೇ ದಿನ, ಅಂದರೆ ಹೆಚ್ಚು ಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಗೆ, ಬೌದ್ಧ ಪದ್ಧತಿ ಪಾಲಿಸುವ ಎಷ್ಟೋ ಜನ ಮಾಂಸ ಬಿಡುತ್ತಾರೆ. ಆ ದಿನ ಚಾಯ್ ಊಟ ಸುಲಭವಾಗಿ ಸಿಗುತ್ತೆ. ಬೇರೆ ದಿನ ಬೋರ್ಡ್ ನೋಡಿಕೊಂಡು ಹೋಗಿ: ಸಿ, ಎಚ್, ಎ, ವೈ. ನಾಲ್ಕೇ ಅಕ್ಷರ.