ಲೋಟದೊಳಗಿನ ದಾಳ

ಕೇಳುಗರಿಗೆ ನಮಸ್ಕಾರ.

ಮದುವೆ ಸೀಸನ್ ಬಂತು ಅಂದರೆ ನಮ್ಮ ಶಾಲೆ ಮಕ್ಕಳಿಗೆ ತಪ್ಪದೆ ಜ್ವರ ಬರುತ್ತದೆ. ಗಮನಿಸಿದ್ದೀರಾ? ರಜಾ ಅರ್ಜಿ ತೆಗೆದು ನೋಡಿ. "ನನಗೆ ತೀವ್ರ ಜ್ವರವಿದ್ದ ಕಾರಣ ಎರಡು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ." ಕೆಳಗೆ ಅಪ್ಪನ ಸಹಿ. ಅಂಥ ಸಹಿ ನಾನೂ ಎಷ್ಟೋ ಸಲ ಹಾಕಿದ್ದೇನೆ. ಜ್ವರ ಬಂದ ನನ್ನ ಮಗಳು ಆ ಹೊತ್ತಿಗೆ ಛತ್ರದಲ್ಲಿ ಎರಡನೇ ಹೋಳಿಗೆಗೆ ಎಲೆ ಒಡ್ಡಿ ಕೂತಿರುತ್ತಿದ್ದಳು.

ಇಂಥ ಚಿಲ್ಲರೆ ಸುಳ್ಳಿಗೂ ರಾಜಕಾರಣದ ದೊಡ್ಡ ಹಗರಣಗಳಿಗೂ ಏನಾದರೂ ನಂಟಿದೆಯಾ? ಇದೆ ಅಂತ ನನಗೆ ಅನ್ನಿಸಲು ಕಾರಣ ಒಂದು ಆಟ.

ಆಟ ಬಹಳ ಸುಲಭ. ಒಂದು ಲೋಟ, ಅದರೊಳಗೆ ಒಂದು ದಾಳ. ಎರಡು ಸಲ ಉರುಳಿಸಬೇಕು. ಮೊದಲನೇ ಸಲ ಬಿದ್ದ ಅಂಕಿಯನ್ನು ಹೇಳಬೇಕು. ಒಂದಕ್ಕೆ ಒಂದು ಪಾಲು ದುಡ್ಡು, ಐದಕ್ಕೆ ಐದು ಪಾಲು. ಆರು ಬಿದ್ದರೆ ಮಾತ್ರ ಏನೂ ಇಲ್ಲ. ಒಳಗೆ ಏನು ಬಿತ್ತು ಅಂತ ಆಡುವವನಿಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ. ಸೈಮನ್ ಗೆಖ್ಟರ್ ಮತ್ತು ಜೊನಾಥನ್ ಶುಲ್ಜ್ ಎಂಬ ಇಬ್ಬರು ಸಂಶೋಧಕರು 23 ದೇಶಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಯುವಕ ಯುವತಿಯರಿಂದ ಈ ಆಟ ಆಡಿಸಿದರು. ಫಲಿತಾಂಶ 2016ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಎಲ್ಲರೂ ಕಣ್ಣು ಮುಚ್ಚಿಕೊಂಡು "ಐದು" ಅನ್ನಬಹುದಿತ್ತು, ಅಲ್ವಾ? ಯಾವ ದೇಶದಲ್ಲೂ ಹಾಗೆ ಆಗಲಿಲ್ಲ. ಹಸಿ ಸುಳ್ಳು ಹೇಳಿದವರು ಎಲ್ಲ ಕಡೆಯೂ ಕಡಿಮೆಯೇ. ಲೆಕ್ಕ ಹಾಕಿ ನೋಡಿದಾಗ ಕಂಡದ್ದು ಬೇರೆ ಥರದ ಸುಳ್ಳು. ಮೊದಲು ಎರಡು ಬಿತ್ತು, ಆಮೇಲೆ ನಾಲ್ಕು ಬಿತ್ತು ಅಂತಿಟ್ಟುಕೊಳ್ಳಿ. "ನಾಲ್ಕು" ಅಂದುಬಿಡುವುದು. ನಾಲ್ಕು ಬಿದ್ದದ್ದಂತೂ ನಿಜ ತಾನೇ? ಸುಳ್ಳೂ ಆಯಿತು, ಮನಸ್ಸಿಗೆ ಸಮಾಧಾನವೂ ಆಯಿತು.

ಭ್ರಷ್ಟಾಚಾರ, ತೆರಿಗೆಗಳ್ಳತನ, ಚುನಾವಣಾ ಅಕ್ರಮ ಜಾಸ್ತಿ ಇರುವ ದೇಶಗಳಲ್ಲಿ ಇಂಥ ಸುಳ್ಳೂ ಜಾಸ್ತಿ ಕಂಡಿತು. ದೇಶಗಳ ಸ್ಥಿತಿ ಅಳೆಯಲು ಅವರು ತೆಗೆದುಕೊಂಡದ್ದು 2003ರ ಅಂಕಿ ಅಂಶ. ಆಟ ಆಡಿದ ಹುಡುಗರು ಆಗ ಇನ್ನೂ ಚಿಕ್ಕವರು. ದೇಶ ಕೆಡಿಸುವ ವಯಸ್ಸೇ ಅಲ್ಲ ಅದು. ಕೆಟ್ಟದ್ದರ ನಡುವೆ ಬೆಳೆದವರು, ಅಷ್ಟೇ.

ಆ 23ರ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಸುಮ್ನೆ ಖುಷಿಪಡಬೇಡಿ, ನಮ್ಮ ಸರದಿಯೂ ಬರುತ್ತದೆ.

ಅದಕ್ಕೆ ಮುಂಚೆ ನನ್ನದೇ ಕಥೆ ಹೇಳಿಬಿಡುತ್ತೇನೆ. 2011ರ ಆಗಸ್ಟ್. ಹಿಂದಿನ ತಿಂಗಳಷ್ಟೇ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಿದ್ದರು. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ ಅದರಲ್ಲಿತ್ತು. ಹೋಟೆಲಿನಲ್ಲಿ, ಬಸ್ಸಿನಲ್ಲಿ ಅದೇ ಮಾತು. ಆ ಹೊತ್ತಿನಲ್ಲಿ ನಾನು ಖಾತೆ ಬದಲಾವಣೆಗೆ ಒಂದು ಕಚೇರಿಗೆ ಅಲೆಯುತ್ತಿದ್ದೆ. ಐದನೇ ಸಲ ಹೋದಾಗ ಎಂಟನೇ ಕ್ಲಾಸಿನ ಮಗಳೂ ಜೊತೆಗಿದ್ದಳು. ಗುಮಾಸ್ತರು ಫೈಲಿನಿಂದ ತಲೆ ಎತ್ತಲಿಲ್ಲ. "ಏನಾದ್ರೂ ನೋಡ್ಕೊಳಿ ಸಾರ್" ಅಂದರು. ಮೇಜಿನ ಡ್ರಾಯರ್ ಒಂದು ಗೇಣು ಈಚೆ ಬಂತು. ಐನೂರರ ನೋಟನ್ನು ನಾಲ್ಕಾಗಿ ಮಡಚಿ ಹಾಕಿದೆ. ಅವರ ಮೊಣಕಾಲು ಅಲ್ಲಾಡಿತು, ಡ್ರಾಯರ್ ಒಳಗೆ ಹೋಯಿತು. ಪೆನ್ನು ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಎಂಥ ಅಭ್ಯಾಸ ನೋಡಿ!

ಹೊರಗೆ ಬಂದು ಎಳನೀರು ಕುಡಿಯುವಾಗ ಮಗಳು ಕೇಳಿದಳು, "ರಸೀದಿ ಕೊಟ್ರಾ ಅಪ್ಪ?"

ನಾನು ಏನಂದೆ ಗೊತ್ತಾ? "ಅಲ್ಲಿ ಹದಿನಾರು ಸಾವಿರ ಕೋಟಿ ಹೋಗಿದೆಯಂತೆ, ಇದೇನು ಮಹಾ ಬಿಡು."

ನನ್ನ ಲೋಟದಲ್ಲಿ ಎರಡನೇ ಸಲ ಉರುಳಿದ ದಾಳ ಅದೇ. ಆ ವರದಿ ನನ್ನ ಜೇಬಿನಿಂದ ನೋಟು ತೆಗೆಸಲಿಲ್ಲ. ತೆಗೆದದ್ದಕ್ಕೆ ನೆಪ ಒದಗಿಸಿತು. ದೊಡ್ಡವರು ಮೇಯ್ದಷ್ಟೂ ನಮ್ಮ ಸಣ್ಣ ತಪ್ಪು ಇನ್ನೂ ಸಣ್ಣದಾಗಿ ಕಾಣುತ್ತದೆ. ಚುನಾವಣೆ ಹಿಂದಿನ ರಾತ್ರಿ ಕವರ್ ಇಸಿದುಕೊಳ್ಳುವವರೂ ಇದೇ ಹೇಳುವುದು: "ಅವರಪ್ಪನ ಮನೆ ದುಡ್ಡಾ? ನಮ್ಮದೇ ದುಡ್ಡು ನಮಗೆ ಕೊಡ್ತಿದ್ದಾರೆ." ಇಸಿದುಕೊಂಡವರನ್ನು ಕಳ್ಳರು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಆ ಮಾತಿನಲ್ಲಿ ಅರ್ಧ ನಿಜ ಇದೆ. ಅರ್ಧ ನಿಜ ಇರುವುದೇ ತಾಪತ್ರಯ.

ಅದೇ ಮಗಳು 2016ರಲ್ಲಿ ದ್ವಿತೀಯ ಪಿಯುಸಿ. ಮಾರ್ಚ್ 21ರಂದು ರಸಾಯನಶಾಸ್ತ್ರ ಪರೀಕ್ಷೆ ಬರೆದು ಬಂದಳು. ಪ್ರಶ್ನೆಪತ್ರಿಕೆ ಮೊದಲೇ ವಾಟ್ಸಾಪಿನಲ್ಲಿ ಓಡಾಡಿತ್ತು ಅಂತ ಪರೀಕ್ಷೆ ರದ್ದಾಯಿತು. 31ಕ್ಕೆ ಮರುಪರೀಕ್ಷೆ ಅಂದರು. ಅದೂ ಸೋರಿಕೆ, ಅದೂ ರದ್ದು. ಕೊನೆಗೆ ನಡೆದದ್ದು ಏಪ್ರಿಲ್ 12ಕ್ಕೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಓದಿದ್ದನ್ನೇ ಓದುತ್ತಾ ಕೂತರು. ಬಂಧಿತರಲ್ಲಿ ದೈಹಿಕ ಶಿಕ್ಷಕರೊಬ್ಬರಿದ್ದರು, ಸಚಿವರೊಬ್ಬರ ಕಚೇರಿಯ ಅಧಿಕಾರಿಯೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

31ರ ಬೆಳಿಗ್ಗೆ ಹಾಲ್ ಟಿಕೆಟ್ ಜಾಮಿಟ್ರಿ ಬಾಕ್ಸಿಗೆ ಹಾಕಿಕೊಂಡು ಹೊರಟಿದ್ದಳು. ರದ್ದಾದ ಸುದ್ದಿ ಕೇಳಿ ಬಾಗಿಲಲ್ಲೇ ಕೂತಳು. "ಮೊದಲನೇ ಸಲ ನನ್ನ ಫೋನಿಗೂ ಬಂದಿತ್ತಪ್ಪ, ನಾನು ತೆರೆಯಲಿಲ್ಲ. ತೆರೆದಿದ್ರೂ ಏನು ವ್ಯತ್ಯಾಸ ಆಗ್ತಿತ್ತು?" ಅಂದಳು. ರಸೀದಿ ಕೇಳಿದ ದಿನ ಬಾಯಿಗೆ ಬಂದ ಉತ್ತರ ಆ ದಿನ ಬರಲಿಲ್ಲ.

ಈಗ ನಮ್ಮ ಸರದಿ. ರೇಮಾ ಹನ್ನಾ ಮತ್ತು ಶಿಂಗ್-ಯಿ ವಾಂಗ್ ಎಂಬ ಅರ್ಥಶಾಸ್ತ್ರಜ್ಞೆಯರು ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳ ಕೈಗೆ ದಾಳ ಕೊಟ್ಟಿದ್ದರು. 42 ಸಲ ಉರುಳಿಸಿ ತಾವೇ ಬರೆದುಕೊಳ್ಳಬೇಕು. ಮೂವರಲ್ಲಿ ಒಬ್ಬರಂತೆ ಬರೆದ ಮೊತ್ತ ನಿಜವಾಗಿ ನೂರರಲ್ಲಿ ಒಬ್ಬರಿಗೆ ಬಿದ್ದರೆ ಹೆಚ್ಚು ಅನ್ನುವಂಥದ್ದಾಗಿತ್ತು. ಇಷ್ಟಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಂಕಿ ಹೆಚ್ಚಿಸಿ ಬರೆದವರಲ್ಲೇ ಸರ್ಕಾರಿ ಕೆಲಸದ ಆಸೆ ಹೆಚ್ಚಾಗಿತ್ತು.

ಸರ್ಕಾರಿ ನೌಕರರೆಲ್ಲ ಹೀಗೆ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೇ ಮೂವರಿದ್ದಾರೆ, ಈ ಭಾಷಣ ಕೇಳುತ್ತಿದ್ದಾರೆ ಬೇರೆ. ಆದರೆ ಹೆಣ್ಣು ಕೊಡುವ ಮಾತು ಬಂದಾಗ ನಾವು ಏನು ಕೇಳುತ್ತೇವೆ? "ಸಂಬಳ ಇಷ್ಟು, ಸರಿ. ಮೇಲಿನದು ಎಷ್ಟಾಗುತ್ತೆ?" ಅದನ್ನು ಕೇಳುತ್ತಾ ಬೆಳೆದ ಹುಡುಗ ಆ ಕುರ್ಚಿಗೆ ಹೋಗಲು ಮೊದಲೇ ಬಂಡವಾಳ ಹೂಡುತ್ತಾನೆ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಆಮೇಲೆ ಹೊರಬಂದದ್ದು ಬ್ಲೂಟೂತ್ ಕಥೆ, ಖಾಲಿ ಬಿಟ್ಟ ಓಎಂಆರ್ ಹಾಳೆಯನ್ನು ಪರೀಕ್ಷೆ ಮುಗಿದ ಮೇಲೆ ತುಂಬಿದ ಕಥೆ. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನ್ಯಾಯವಾಗಿ ಬರೆದವನ ವಯಸ್ಸಿನಲ್ಲಿ ಎರಡು ವರ್ಷದ ಮೇಲೆ ಹೋಯಿತು. ಆ ಎರಡು ವರ್ಷ ಅವನು ಊರಲ್ಲಿ ಏನೇನು ಮಾತು ಕೇಳಿರಬಹುದು ಯೋಚಿಸಿ. "ಸುಮ್ನೆ ಓದಿ ಕೆಟ್ಟೆ" ಅಂತ ನೆಂಟರೇ ಅಂದಿರುತ್ತಾರೆ.

ಅದೇ 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಗ್ರೇಸ್ ಅಂಕ ಧಾರಾಳವಾಗಿ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಲೋಟದ ಮೇಲೆ ಕಣ್ಣು ಬಿತ್ತು ಅಂತ ನನ್ನ ಗುಮಾನಿ. ಕ್ಯಾಮೆರಾ ಬೇಕು ಅನ್ನುವವನೇ ನಾನು. ಆದರೆ ಹದಿನೈದು ವರ್ಷದ ಮಕ್ಕಳ ನೆತ್ತಿ ಮೇಲೆ ಅದನ್ನಿಟ್ಟ ನಾವು, ಆ ಡ್ರಾಯರಿನ ಮೇಲೆ ಇಟ್ಟಿದ್ದೇವಾ?

ಹೋದ ತಿಂಗಳು ತಂಗಿಯ ಮಗನಿಗೆ ರಜಾ ಅರ್ಜಿ ಬರೆಯಬೇಕಾಯಿತು. ನಮ್ಮ ಮನೆಯಲ್ಲೇ ಇದ್ದು ಒಂಬತ್ತನೇ ಕ್ಲಾಸ್ ಓದುತ್ತಾನೆ. "ಏನು ಬರೀಲಿ ಮಾವ?" ಅಂದ. ಇದ್ದದ್ದನ್ನೇ ಬರಿ ಅಂದೆ. "ಚಿಕ್ಕಪ್ಪನ ಮದುವೆಗೆ ಹೋಗಿದ್ದರಿಂದ" ಅಂತ ದುಂಡಗೆ ಬರೆದ. ಸಹಿ ಹಾಕುವಾಗ ನನಗೂ ಒಂದು ಥರ ಹೆಮ್ಮೆ.

ಸಂಜೆ ಅರ್ಜಿ ವಾಪಸ್ ಬಂತು. ಮದುವೆಗೆಲ್ಲ ರಜೆ ಕೊಡಲು ಬರುವುದಿಲ್ಲವಂತೆ. "ಜ್ವರ ಅಂತ ಬರೆಸಿಕೊಂಡು ಬಾ" ಅಂತ ಹೇಳಿ ಕಳಿಸಿದ್ದರು. ಹುಡುಗ ಹೊಸ ಹಾಳೆ, ಪೆನ್ನು ಹಿಡಿದು ನನ್ನ ಮುಂದೆ ನಿಂತಿದ್ದ.

ನಮಸ್ಕಾರ.