ಫಲಕದ ಮೇಲಿನ ಎರಡು ತಲೆಯ ಹಕ್ಕಿ

(ಕಾರವಾರದಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮಳೆ ಸ್ವಲ್ಪ ಬಿಟ್ಟಿದೆ. ಮತ್ತೆ ಶುರುವಾಗುವುದರೊಳಗೆ ಮುಗಿಸುತ್ತೇನೆ.

ಅಂಕೋಲಾ ಕಡೆಯ ಒಂದು ಊರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಸ್ಮಾರಕ ಫಲಕಕ್ಕೆ ಬಣ್ಣ ಹಚ್ಚುತ್ತಿದ್ದರು. ಚಿರೆಕಲ್ಲಿನ ಕಟ್ಟೆ, ಮೇಲೆ ಕರಿ ಗ್ರಾನೈಟ್, ಅದರ ತುಂಬ ಹೆಸರುಗಳು. ನಮ್ಮ ಕಡೆಯ ಮಳೆಗೆ ಅಕ್ಷರದೊಳಗಿನ ಬಂಗಾರದ ಬಣ್ಣ ಮೂರು ವರ್ಷ ನಿಂತರೆ ಜಾಸ್ತಿ. ಬಣ್ಣದ ಹುಡುಗ ಹೆಸರುಗಳನ್ನೆಲ್ಲ ಮುಗಿಸಿದ. ಮೇಲಿದ್ದ ರಾಜ್ಯ ಲಾಂಛನಕ್ಕೆ ಬಂದಾಗ ಬ್ರಶ್ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟ. "ಈ ಹಕ್ಕಿಗೆ ಯಾವ ಬಣ್ಣ ಮಾರಾಯ್ರೆ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಜ್ಜ ಹೇಳಿದರು: "ಯಾವ್ದಾದ್ರೂ ಹಚ್ಚು. ಅದು ಮೈಸೂರಿನ ಹಕ್ಕಿ, ನಮ್ದಲ್ಲ."

ಇವತ್ತಿನ ಮಾತೆಲ್ಲ ಆ ಅಜ್ಜನಿಗೆ ಉತ್ತರ ಅಂತಲೇ ಇಟ್ಟುಕೊಳ್ಳಿ.

ಮೊದಲು ಅವರ ಮಾತಿನಲ್ಲಿ ಎಷ್ಟು ನಿಜವಿದೆ ನೋಡೋಣ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ. ಆಮೇಲೆ ಅಂಕೋಲಾ, ಸಿದ್ದಾಪುರ, ಶಿರಸಿ ಕಡೆಯ ರೈತರು ಕಂದಾಯ ಕಟ್ಟುವುದಿಲ್ಲ ಅಂತ ಹಟ ಹಿಡಿದರು. ಎಷ್ಟೋ ಮನೆಗಳ ಗದ್ದೆ, ತೋಟ, ಪಾತ್ರೆಪಗಡೆ ಎಲ್ಲ ಜಪ್ತಿಯಾಯಿತು. ಆಗ ಇವರೆಲ್ಲ ಯಾವ ಸರ್ಕಾರದ ಕೆಳಗಿದ್ದರು? ಮೈಸೂರಿನದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದಲೂ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಈ ಎರಡು ತಲೆಯ ಹಕ್ಕಿ, ಅಂದರೆ ಗಂಡಭೇರುಂಡ, ನಮ್ಮ ಕಚೇರಿಗಳ ಬಾಗಿಲಿಗೆ ಬಂದದ್ದು ಅದರ ಜೊತೆಗೇ. ಅಂದರೆ ಉಪ್ಪು ಮಾಡಿದವರ ಹೆಸರಿನ ಮೇಲೆ ಇವತ್ತು ಕೂತಿರುವ ಹಕ್ಕಿ, ಅವರು ಉಪ್ಪು ಮಾಡುವಾಗ ಇಲ್ಲಿನ ಸರ್ಕಾರದ ಗುರುತಾಗಿರಲಿಲ್ಲ. ಅಜ್ಜ ಹೇಳಿದ್ದು ಸುಳ್ಳಲ್ಲ, ಅಲ್ವಾ?

ಈಗ ಲಾಂಛನವನ್ನೇ ಹತ್ತಿರದಿಂದ ನೋಡೋಣ. ನಡುವೆ ಕೆಂಪು ಗುರಾಣಿ, ಅದಕ್ಕೆ ನೀಲಿ ಅಂಚು. ಅದರೊಳಗೆ ಬಿಳಿ ಗಂಡಭೇರುಂಡ, ಎರಡು ತಲೆ ಎರಡು ಕಡೆಗೆ. ಮೇಲೆ ಸಾರನಾಥದ ಅಶೋಕ ಸ್ತಂಭದ ಸಿಂಹಗಳು. ಇರುವುದು ನಾಲ್ಕು, ಕಾಣುವುದು ಮೂರು. ಕೆಳಗೆ ದೇವನಾಗರಿಯಲ್ಲಿ 'ಸತ್ಯಮೇವ ಜಯತೇ'. ಮೈಸೂರು ಅರಸರ ಲಾಂಛನದಲ್ಲಿ ಇದ್ದ ಮಾತೇ ಬೇರೆ: 'ನ ಬಿಭೇತಿ ಕದಾಚನ'. ಎಂದೂ ಹೆದರುವುದಿಲ್ಲ ಅಂತ ಅರ್ಥ. ಎರಡೂ ಉಪನಿಷತ್ತಿನವೇ, ಒಂದು ಮುಂಡಕದ್ದು, ಇನ್ನೊಂದು ತೈತ್ತಿರೀಯದ್ದು. ಜಪ್ತಿಗೆ ಬಂದವರ ಎದುರು ಬಾಗಿಲಲ್ಲಿ ನಿಂತವರ ಫಲಕಕ್ಕೆ ಆ ಹಳೆಯ ಮಾತೇ ಜಾಸ್ತಿ ಒಪ್ಪುತ್ತಿತ್ತು ಅಂತ ನನಗನ್ನಿಸುತ್ತದೆ. ಆದರೆ ಅದು ಅರಮನೆಯ ಮಾತು. ಇರಲಿ.

ನನಗೆ ಬಹಳ ಇಷ್ಟವಾಗುವುದು ಗುರಾಣಿಯ ಎರಡು ಪಕ್ಕ ನಿಂತ ಪ್ರಾಣಿಗಳು. ಸಿಂಹದ ಮೈ, ಆನೆಯ ತಲೆ. ಇವನ್ನು ಶರಭ ಅನ್ನುತ್ತಾರೆ. ಪುರಾಣದಲ್ಲಿ ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯುವುದಿಲ್ಲ. ಆಗ ಶಿವ ಶರಭನಾಗಿ ಬಂದು ಅವನನ್ನು ತಣಿಸುತ್ತಾನೆ. ವೈಷ್ಣವರು ಸುಮ್ಮನಿರುತ್ತಾರಾ? ಅವರ ಕಥೆಯಲ್ಲಿ ನರಸಿಂಹ ಗಂಡಭೇರುಂಡವಾಗಿ ಶರಭನ ಮೇಲೇ ಬೀಳುತ್ತಾನೆ. ಕಥೆಯಲ್ಲಿ ಹಾಗೆ ಹೊಡೆದಾಡಿದ ಇಬ್ಬರು ನಮ್ಮ ಲಾಂಛನದಲ್ಲಿ ಒಂದೇ ಹುಲ್ಲಿನ ಮೇಲಿದ್ದಾರೆ. ಶರಭಗಳು ಗಂಡಭೇರುಂಡಕ್ಕೆ ಕಾವಲು ನಿಂತಿವೆ! ಚಿತ್ರ ಬರೆದವರು ಇದನ್ನು ಯೋಚಿಸಿಯೇ ಮಾಡಿದರೋ, ನೋಡಲು ಚೆಂದ ಅಂತ ಮಾಡಿದರೋ, ನನಗಂತೂ ಆ ಗುರಾಣಿ ನೋಡಿದಾಗಲೆಲ್ಲ ನಗು ಬರುತ್ತದೆ.

ಕೆತ್ತುವವರಿಗೆ ಇದು ಸುಲಭದ ಚಿತ್ರವಲ್ಲ. ಒಂದು ಫಲಕದಲ್ಲಿ ಶರಭದ ಸೊಂಡಿಲು ನಾಲಿಗೆಯಂತಾಗಿತ್ತು. ಇನ್ನೊಂದರಲ್ಲಿ ಹಕ್ಕಿಯ ಎರಡು ತಲೆಯೂ ಒಂದೇ ದಿಕ್ಕಿಗೆ, ಬಸ್ಸಿಗೆ ಕಾಯುವವರ ಹಾಗೆ. ಯಾವ ಊರು ಅಂತ ಕೇಳಬೇಡಿ.

ಅದಕ್ಕಿಂತ ಹಳೆಯ ಸ್ಮಾರಕ ಫಲಕ ನಮ್ಮಲ್ಲಿ ಯಾವುದಿತ್ತು? ವೀರಗಲ್ಲು. ಘಟ್ಟದ ಮೇಲೆ ಹೋದರೆ ಹೊಲದ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ಸಿಗುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಕೂತ ವೀರ. ಎಲ್ಲಕ್ಕಿಂತ ತುದಿಯಲ್ಲಿ ಸೂರ್ಯ, ಚಂದ್ರ. ಈಗ ನಾವು ಸರ್ಕಾರದ ಲಾಂಛನ ಇಡುತ್ತೇವಲ್ಲ, ಸರಿಯಾಗಿ ಅದೇ ಜಾಗ. ಸೂರ್ಯಚಂದ್ರ ಇರುವಷ್ಟು ದಿನ ಇವನ ನೆನಪು ಇರಲಿ ಅಂತ ಆ ಗುರುತು. ಲಾಂಛನವಾದರೆ ಕಲ್ಲನ್ನು ಯಾರು ನಿಲ್ಲಿಸಿದರು ಅಂತಷ್ಟೇ ಹೇಳುತ್ತದೆ. ಸತ್ತವನ ಕಡೆಯಿಂದ ನೋಡಿದರೆ ನನಗೆ ಸೂರ್ಯಚಂದ್ರರೇ ಸರಿ.

ಇಲ್ಲೇ ಕಾರವಾರದ ಕಡಲತೀರದಲ್ಲಿ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಚೆಂಡಿಯಾದವರು. 1948ರ ಏಪ್ರಿಲ್‌ನಲ್ಲಿ ಕಾಶ್ಮೀರ ಯುದ್ಧದಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ಗಾಯಗೊಂಡೂ ನೆಲಬಾಂಬುಗಳನ್ನು ತೆಗೆಸುತ್ತ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಅವರಿಗೆ ಸಿಕ್ಕ ಪರಮವೀರ ಚಕ್ರದ ನಡುವೆ ಅಶೋಕನ ಸಿಂಹಗಳಿವೆ, ಸುತ್ತ ನಾಲ್ಕು ವಜ್ರಾಯುಧ. ಪದಕ ದೇಶದ್ದು, ಹಾಗಾಗಿ ಯಾವ ರಾಜ್ಯದ ಹಕ್ಕಿಯೂ ಅಲ್ಲಿಲ್ಲ. ವಜ್ರಾಯುಧ ಅಂದರೆ ದಧೀಚಿಯ ಎಲುಬು. ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬಸ್ ನಿಲ್ದಾಣದಲ್ಲೂ ಲಾಂಛನದ ಪಾಠ ಇದೆ. ಬೆಂಗಳೂರಿನಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಗಂಡಭೇರುಂಡ. ಗೋವಾದಿಂದ ಬರುವ ಕದಂಬ ಬಸ್ಸಿನ ಮೇಲೆ ಸಿಂಹ. ಅದು ಕದಂಬರ ಸಿಂಹ. ಆ ಕದಂಬರ ಮೂಲ ಮನೆ ನಮ್ಮ ಶಿರಸಿ ತಾಲ್ಲೂಕಿನ ಬನವಾಸಿ. ನಮ್ಮ ಸಿಂಹ ಗೋವಾ ಬಸ್ಸು ಹತ್ತಿ ವಾಪಸ್ ಬರುತ್ತದೆ, ನಾವು ಅದನ್ನು ಹೊರಗಿನದು ಅಂದುಕೊಳ್ಳುತ್ತೇವೆ.

ಹಕ್ಕಿಯ ಕಥೆಯೂ ಹೀಗೆಯೇ. ಮೈಸೂರು ಒಡೆಯರಿಗೆ ಅದು ವಿಜಯನಗರದ ದಾರಿಯಿಂದ ಬಂತು. ಅಚ್ಯುತದೇವರಾಯನ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದಿದೆ. ಕೆಳದಿಯ ರಾಮೇಶ್ವರ ಗುಡಿಯ ಛಾವಣಿಯಲ್ಲೂ ಇದೆ. ಕೆಳದಿ ಅರಸರು ನಮ್ಮ ಕರಾವಳಿಯನ್ನೂ ಆಳಿದವರು. ಇನ್ನೂ ಹಿಂದೆ ಹೋದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ. ಅಲ್ಲೊಂದು ಎತ್ತರದ ಕಂಬವಿದೆ, ಅದರ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿತಲೆಯ ಭೇರುಂಡ. ನಿಲ್ಲಿಸಿದ್ದು 1047ರಲ್ಲಿ. ನಿಲ್ಲಿಸಿದವನು ಚಾಲುಕ್ಯರ ಕೈಕೆಳಗಿನ ಚಾವುಂಡರಾಯ. ಅವನು ಆಳುತ್ತಿದ್ದದ್ದು ಯಾವ ನಾಡು? ಬನವಾಸಿ ಹನ್ನೆರಡು ಸಾವಿರ, ಅಂದರೆ ಬನವಾಸಿ ಸುತ್ತಲಿನ ಆಗಿನ ಪ್ರಾಂತ್ಯ.

ಮೈಸೂರು ಒಡೆಯರ ರಾಜ್ಯ ಹುಟ್ಟುವುದಕ್ಕೆ ಮುನ್ನೂರು ವರ್ಷಕ್ಕೂ ಹಿಂದೆ ಬನವಾಸಿ ನಾಡಿನಲ್ಲಿ ಈ ಹಕ್ಕಿ ಕಂಬದ ಮೇಲೆ ಕೂತಿತ್ತು. 1956ರಲ್ಲಿ ಅದು ಬಂದದ್ದು ತವರಿಗೆ.

ಅಜ್ಜನಿಗೆ ಅಲ್ಲೇ ಇಷ್ಟನ್ನೂ ಹೇಳಿದೆ, ಇಷ್ಟು ಉದ್ದವಾಗಿ ಅಲ್ಲ. ಹುಡುಗನಿಗೆ "ಹಕ್ಕಿಗೆ ಬಿಳಿ, ಹಿಂದೆ ಕೆಂಪು" ಅಂದೆ. ಅವನ ಹತ್ತಿರ ಬಿಳಿ ಇರಲಿಲ್ಲ, ತರಲು ಅಂಗಡಿಗೆ ಹೋದ. ಅಜ್ಜ ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಆ ಬಳ್ಳಿಗಾವಿಗೆ ಇಲ್ಲಿಂದ ಬಸ್ ಉಂಟಾ?" ಅಂತ ಕೇಳಿದರು. ಶಿರಸಿಗೆ ಹೋಗಿ, ಬನವಾಸಿ ದಾಟಿ, ಶಿರಾಳಕೊಪ್ಪದಲ್ಲಿ ಇಳಿಯಿರಿ, ಅಲ್ಲಿಂದ ಹತ್ತಿರ ಅಂದೆ.